ಇಂಗ್ಲಿಷ್ ಉಚ್ಚಾರಣೆ ಸುಧಾರಿಸ್ಕೊಳ್ಳೋಕೆ ಫ್ರೀಯಾಗಿ ಏನೇನ್ ಸಿಗತ್ತೆ? ಪದೇ ಪದೇ ಕೇಳೋ ಪ್ರಶ್ನೆಗಳು

ನಿಜವಾಗ್ಲೂ ದುಡ್ಡು ಖರ್ಚು ಮಾಡ್ದೆ ಆಗತ್ತಾ, ಇಲ್ಲಾ ಕೊನೆಗೆ ಯಾವ್ದಾದ್ರೂ ಕೋರ್ಸ್ ಸೇರ್ಲೇಬೇಕಾ?

ಆಗತ್ತೆ. ಗ್ರಾಮರ್, ಬರವಣಿಗೆಗಾದ್ರೆ ತಿದ್ದೋಕೆ ಇನ್ನೊಬ್ರು ಬೇಕಾಗ್ತಾರೆ, ಉಚ್ಚಾರಣೆಯಲ್ಲಿ ಹೆಚ್ಚಿನ ಕೆಲಸ ಕಿವಿದು ಮತ್ತೆ ನಾಲಿಗೆದು, ಅವೆರಡೂ ನಿಮ್ಮ ಹತ್ರಾನೇ ಇವೆಯಲ್ಲ. ಬೇಕಾಗಿರೋದು ಮೂರೇ ಸಾಮಾನು: ಪದ ಟೈಪ್ ಮಾಡಿದ್ರೆ ಓದಿ ಹೇಳೋ ಒಂದು ಡಿಕ್ಷನರಿ, ಫೋನಲ್ಲಿ ಆಗ್ಲೇ ಇರೋ ವಾಯ್ಸ್ ರೆಕಾರ್ಡರ್, ಅನುಕರಿಸೋಕೆ ಯಾರಾದ್ರೂ ಒಬ್ರ ದನಿ. ಮೂರೂ ಫ್ರೀ. ಇವತ್ತಿನ ತೊಂದ್ರೆ ಏನಪ್ಪಾ ಅಂದ್ರೆ ಸಿಗೋದು ವಿಪರೀತ ಆಗಿದೆ, ಹತ್ತು ಆ್ಯಪ್ ಇನ್‌ಸ್ಟಾಲ್ ಮಾಡಿ, ಇಪ್ಪತ್ತು ಚಾನೆಲ್ ಸಬ್‌ಸ್ಕ್ರೈಬ್ ಆಗಿ, ನೂರು ವಿಡಿಯೋ ಸೇವ್ ಮಾಡಿಟ್ಕೊಂಡು ಒಂದ್ ಸಲಾನೂ ಬಾಯ್ಬಿಟ್ಟು ಹೇಳಿ ನೋಡದೇ ಇರೋರೇ ಜಾಸ್ತಿ. ಅದಕ್ಕೇ ಕೆಳಗಡೆ ನಾನು ಎಲ್ಲಾದನ್ನೂ ಹೇಳಿದ್ರೂ, ನೀವು ಅದ್ರಲ್ಲಿ ಎರಡೋ ಮೂರೋ ಆರಿಸ್ಕೊಂಡು ಉಳಿದಿದ್ದನ್ನ ಮರೆತ್ರೆ ಒಳ್ಳೇದು.

ಒಂದೊಂದೇ ಪದ ಹೆಂಗೆ ಹೇಳ್ಬೇಕು ಅಂತ ಎಲ್ಲಿ ನೋಡ್ಲಿ?

ಮೊದಲನೇದು ಕೇಂಬ್ರಿಡ್ಜ್ ಡಿಕ್ಷನರಿ ವೆಬ್‌ಸೈಟ್. ಪದದ ಕೆಳಗೆ ಯುಕೆ, ಯುಎಸ್ ಅಂತ ಎರಡು ಸ್ಪೀಕರ್ ಗುರುತು ಇರತ್ತೆ, ಒತ್ತಿದ್ರೆ ಕೇಳಿಸತ್ತೆ, ಲಾಗಿನ್ನೂ ಬೇಡ. ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸೂ ಹಂಗೇ ಇದೆ. ಲಾಂಗ್‌ಮನ್ ಡಿಕ್ಷನರಿ ಆನ್‌ಲೈನಲ್ಲಿ ಒಂದು ಹೆಚ್ಚಿನ ಅನುಕೂಲ ಏನಂದ್ರೆ ಬರೀ ಪದ ಅಷ್ಟೇ ಅಲ್ಲ, ಉದಾಹರಣೆ ವಾಕ್ಯಗಳಿಗೂ ಆಡಿಯೋ ಇದೆ, ಯಾಕೆ ಮುಖ್ಯ ಅಂತ ಮುಂದೆ ಹೇಳ್ತೀನಿ. ಪೂರ್ತಿ ಅಮೆರಿಕನ್ ಬೇಕು ಅಂದ್ರೆ ಮೆರಿಯಮ್ ವೆಬ್‌ಸ್ಟರ್.

ಡಿಕ್ಷನರಿ ದನಿ ಸ್ಟುಡಿಯೋದಲ್ಲಿ ಕೂತು ಹೇಳಿದ್ದು, ನಿಧಾನ, ಸ್ಪಷ್ಟ. ನಿಜವಾದ ಮಾತಲ್ಲಿ ಜನ ಆ ಪದಾನ ಹೆಂಗೆ ನುಂಗಿ ನುಂಗಿ ಹೇಳ್ತಾರೆ ಅಂತ ಗೊತ್ತಾಗ್ಬೇಕಂದ್ರೆ ಯೂಗ್ಲಿಷ್‌ಗೆ ಹೋಗಿ. ಅಲ್ಲಿ ಪದ ಅಥವಾ ಎರಡ್ಮೂರು ಪದದ ಗುಂಪು ಟೈಪ್ ಮಾಡಿದ್ರೆ ಯೂಟ್ಯೂಬ್ ವಿಡಿಯೋಗಳಲ್ಲಿ ಯಾರ್ಯಾರು ಆ ಪದ ಹೇಳಿದ್ದಾರೋ ಆ ಜಾಗಕ್ಕೇ ಸೀದಾ ಕರ್ಕೊಂಡು ಹೋಗತ್ತೆ, ನೆಕ್ಸ್ಟ್ ಒತ್ತಿದ್ರೆ ಇನ್ನೊಬ್ರು. ಭಾಷಣದವ್ರು, ನ್ಯೂಸ್‌ನವ್ರು, ಹರಟೆ ಹೊಡೆಯೋರು ಎಲ್ಲಾ ಸಿಗ್ತಾರೆ. ನನ್ನ ಪ್ರಕಾರ ಈ ಇಡೀ ಪುಟದಲ್ಲಿ ಒಂದೇ ಒಂದು ಸೈಟ್ ನೆನಪಿಟ್ಕೋಬೇಕು ಅಂದ್ರೆ ಅದು ಇದೇ. ಊರಿನ ಹೆಸರು, ಬ್ರಾಂಡ್ ಹೆಸರು ಈ ಥರದ್ದಕ್ಕೆ ಫೋರ್ವೋ, 2008ರಿಂದ ನಡೀತಿದೆ, ಬೇರೆ ಬೇರೆ ಭಾಷೆಯವ್ರು ತಾವೇ ರೆಕಾರ್ಡ್ ಮಾಡಿ ಹಾಕಿರ್ತಾರೆ.

ಗೂಗಲ್‌ನಲ್ಲೇ ಸ್ಪೀಕರ್ ಬಟನ್ ಇದ್ಯಲ್ಲ, ಸಾಲ್ದಾ?

ಅವಸರಕ್ಕೆ ಸಾಕು. ಗೂಗಲ್ ಸರ್ಚಲ್ಲಿ ಹೌ ಟು ಪ್ರೊನೌನ್ಸ್ ಅಂತ ಹಾಕಿ ಮುಂದೆ ಪದ ಹಾಕಿದ್ರೆ ಒಂದು ಡಬ್ಬಿ ಬರತ್ತೆ, ಅದ್ರಲ್ಲಿ ಸ್ಲೋ ಅಂತ ಒಂದು ಆಯ್ಕೆ ಇದೆ, ತುಟಿ ಹೆಂಗೆ ಆಡತ್ತೆ ಅಂತ ಚಿತ್ರಾನೂ ತೋರ್ಸತ್ತೆ. ಟ್ರಾನ್ಸ್‌ಲೇಟಲ್ಲಿ ಸ್ಪೀಕರ್ ಎರಡನೇ ಸಲ ಒತ್ತಿದ್ರೆ ನಿಧಾನವಾಗಿ ಹೇಳತ್ತೆ. ಆದ್ರೆ ಅದು ಮೆಷಿನ್ ದನಿ, ಒಂದೇ ಸ್ಪೆಲ್ಲಿಂಗ್‌ಗೆ ಎರಡು ಉಚ್ಚಾರಣೆ ಇರೋ ಕಡೆ ಎಡವತ್ತೆ. ರೆಕಾರ್ಡ್ ಅನ್ನೋ ಪದ ತಗೊಳ್ಳಿ, ದಾಖಲೆ ಅನ್ನೋ ಅರ್ಥದಲ್ಲಿ ಮೊದಲನೇ ಭಾಗದ ಮೇಲೆ ಒತ್ತು, ರೆಕಾರ್ಡ್ ಮಾಡೋದು ಅನ್ನೋ ಅರ್ಥದಲ್ಲಿ ಎರಡನೇ ಭಾಗದ ಮೇಲೆ ಒತ್ತು ಬಿದ್ದು ರಿ-ಕಾರ್ಡ್ ಆಗತ್ತೆ. ಒಂಟಿ ಪದ ಕೊಟ್ರೆ ಮೆಷಿನ್‌ಗೆ ನಿಮಗೆ ಯಾವ್ದು ಬೇಕು ಅಂತ ಹೆಂಗೆ ಗೊತ್ತಾಗ್ಬೇಕು? ಡಿಕ್ಷನರಿ ಆದ್ರೆ ನಾಮಪದ ಬೇರೆ, ಕ್ರಿಯಾಪದ ಬೇರೆ ಮಾಡಿ ಕೇಳ್ಸತ್ತೆ.

ಬ್ರಿಟಿಷ್ ಕಲೀಲಾ, ಅಮೆರಿಕನ್ ಕಲೀಲಾ?

ಯಾವ್ದಾದ್ರೂ ಆಗ್ಲಿ. ನೀವು ಜಾಸ್ತಿ ಕೇಳೋದು ಯಾವ್ದೋ, ನೀವು ಮಾತಾಡ್ಬೇಕಾಗಿರೋ ಜನ ಯಾರೋ ಅದನ್ನ ನೋಡ್ಕೊಂಡು ಒಂದು ಇಟ್ಕೊಳ್ಳಿ. ಶೆಡ್ಯೂಲ್ ಅಂದ್ರೂ ಸರಿ, ಸ್ಕೆಜೂಲ್ ಅಂದ್ರೂ ಸರಿ. ದೊಡ್ಡ ವ್ಯತ್ಯಾಸ ರ್ ಅಕ್ಷರದ್ದು, ಕಾರ್, ಫಾರ್ಮ್ ಥರದ ಪದಗಳಲ್ಲಿ ಬ್ರಿಟಿಷ್ ಮಾದರಿಯವ್ರು ರ್ ಹೇಳೋದೇ ಇಲ್ಲ, ಅಮೆರಿಕನ್ನರು ನಾಲಿಗೆ ಹಿಂದಕ್ಕೆ ಎಳೆದು ಹೇಳ್ತಾರೆ. ನಾವು ಕನ್ನಡದ ರ್ ಹೇಳಿದ್ರೂ ಅರ್ಥ ಆಗದೇ ಇರೋರು ಯಾರೂ ಇಲ್ಲ, ಹಂಗಾಗಿ ಇದಕ್ಕೆ ತಲೆ ಕೆಡಿಸ್ಕೋಬೇಡಿ.

ಕನ್ನಡ ಮಾತಾಡೋರಿಗೆ ನಿರ್ದಿಷ್ಟವಾಗಿ ಯಾವ ಶಬ್ದಗಳು ಕಷ್ಟ? ಎಲ್ಲಾ ವಿಡಿಯೋನೂ ಬೇರೆ ದೇಶದವ್ರಿಗೆ ಮಾಡಿದ ಹಂಗಿದೆ.

ಒಳ್ಳೇ ಪ್ರಶ್ನೆ, ಇದನ್ನ ತಿಳ್ಕೊಂಡ್ರೆ ನೂರು ವಿಡಿಯೋದಲ್ಲಿ ಎಂಬತ್ತು ನೋಡೋದು ತಪ್ಪತ್ತೆ.

ಎಲ್ಲರೂ ಮೊದಲು ಹೇಳೋದು ವ. ಇಂಗ್ಲಿಷಲ್ಲಿ ವಿ ಅಕ್ಷರದ ಶಬ್ದ ಬೇರೆ, ಡಬ್ಲ್ಯೂ ಅಕ್ಷರದ ಶಬ್ದ ಬೇರೆ, ನಮ್ಮಲ್ಲಿ ಎರಡಕ್ಕೂ ಒಂದೇ ವ. ಪಶ್ಚಿಮ ದಿಕ್ಕಿನ ವೆಸ್ಟೂ, ಒಳಗೆ ಹಾಕ್ಕೊಳ್ಳೋ ವೆಸ್ಟೂ ಕನ್ನಡದಲ್ಲಿ ಬರೆದ್ರೆ ಒಂದೇ ಥರ ಕಾಣತ್ತೆ. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗುಂಯ್ ಅಂತ ಕಂಪನ ಆಗ್ಬೇಕು. ಡಬ್ಲ್ಯೂಗೆ ಹಲ್ಲು ತಾಗೋ ಹಾಗೇ ಇಲ್ಲ, ಉ ಹೇಳೋ ಥರ ತುಟಿ ಗುಂಡಗೆ ಮಾಡಿ ಅಲ್ಲಿಂದ ಬಿಡಬೇಕು. ಕನ್ನಡಿ ಮುಂದೆ ನಿಂತ್ಕೊಂಡು ಹೇಳಿ ನೋಡಿ, ಹಲ್ಲು ಕಾಣ್ತಿದ್ಯಾ ಇಲ್ವಾ ಅನ್ನೋದೇ ಪರೀಕ್ಷೆ.

ಯಾರೂ ಹೇಳದೇ ಇರೋದು ಉಸಿರಿನ ವಿಷ್ಯ. ಇಂಗ್ಲಿಷಲ್ಲಿ ಪದದ ಮೊದಲಲ್ಲಿ ಪ, ಟ, ಕ ಬಂದು ಅದರ ಮೇಲೆ ಒತ್ತು ಇದ್ರೆ ಜೊತೆಗೆ ಒಂದು ಫೂ ಅಂತ ಉಸಿರು ಹೊರಗೆ ಬರತ್ತೆ, ನಮ್ಮ ಮಹಾಪ್ರಾಣಕ್ಕೆ ಹತ್ತಿರ. ಪೆನ್ ಅಂದ್ರೆ ಪ್ಹೆನ್, ಟೈಮ್ ಅಂದ್ರೆ ಟ್ಹೈಮ್, ಕೀ ಅಂದ್ರೆ ಕ್ಹೀ. ನಾವು ಅಲ್ಪಪ್ರಾಣದಲ್ಲಿ ಹೇಳ್ತೀವಿ, ಕೇಳೋರಿಗೆ ಪಿನ್ ಅನ್ನೋದು ಬಿನ್ ಅಂತ ಕೇಳಿಸತ್ತೆ, ಆಮೇಲೆ ಪಾರ್ಡನ್ ಪಾರ್ಡನ್ ಅಂತಾರೆ. ತುಟಿ ಮುಂದೆ ತೆಳು ಕಾಗದ ಹಿಡ್ಕೊಂಡು ಪೆನ್ ಅಂತ ಹೇಳಿ, ಕಾಗದ ಅಲ್ಲಾಡ್ಬೇಕು. ಆದ್ರೆ ಮುಂದೆ ಸ್ ಇದ್ರೆ ಉಸಿರು ಬೇಡ, ಸ್ಪಿನ್, ಸ್ಟಾಪ್, ಸ್ಕೂಲ್‌ನಲ್ಲಿ ನಮ್ಮ ಅಲ್ಪಪ್ರಾಣದ ಥರಾನೇ ಉಸಿರಿಲ್ದೆ ಹೇಳೋದು.

ಟ, ಡ ಹೇಳುವಾಗ ನಾವು ನಾಲಿಗೆ ಮಡಿಚಿ ಮೇಲಕ್ಕೆ ತಗೊಂಡು ಹೋಗ್ತೀವಿ. ಇಂಗ್ಲಿಷಿನದ್ದು ಮೇಲಿನ ಹಲ್ಲಿನ ಹಿಂದೆ ಒಂದು ಗುಬುಟು ಇದ್ಯಲ್ಲ, ನಾಲಿಗೆ ತುದಿ ಅಲ್ಲಿಗೆ ತಾಗತ್ತೆ ಅಷ್ಟೇ. ನಮ್ಮ ತ ಮತ್ತು ಟ ಇವುಗಳ ನಡುವಿನ ಜಾಗ.

ಪದದ ಮೊದಲಲ್ಲಿ ಎ, ಒ ಬಂದ್ರೆ ನಾವು ಯ, ವ ಸೇರಿಸ್ತೀವಿ. ಎಲ್ಲಿ ಅನ್ನೋದನ್ನ ಯೆಲ್ಲಿ ಅಂತೀವಿ, ಒಂದು ಅನ್ನೋದನ್ನ ವೊಂದು ಅಂತೀವಿ, ಕನ್ನಡದಲ್ಲಿ ಅದು ಸಹಜ. ಅದೇ ಅಭ್ಯಾಸದಲ್ಲಿ ಎಗ್ ಹೋಗಿ ಯೆಗ್, ಓನ್ಲಿ ಹೋಗಿ ವೋನ್ಲಿ, ಎಂಟ್ರಿ ಹೋಗಿ ಯೆಂಟ್ರಿ. ಬಾಯಿ ತೆರೆದು ಶಬ್ದ ಶುರು ಆಗೋ ತನಕ ತುಟಿ ನಾಲಿಗೆ ಎರಡನ್ನೂ ಅಲ್ಲಾಡಿಸದೆ ಇರೋದನ್ನ ಅಭ್ಯಾಸ ಮಾಡ್ಬೇಕು, ಕೇಳೋಕೆ ಸುಲಭ ಅನ್ಸತ್ತೆ, ಮಾಡಿ ನೋಡಿ.

ಆಮೇಲೆ ಒತ್ತಕ್ಷರ. ಸ್ಪೆಲ್ಲಿಂಗಲ್ಲಿ ಎರಡೆರಡು ಅಕ್ಷರ ಇದೆ ಅಂತ ನಾವು ಸಮ್ಮರ್, ಫನ್ನಿ, ಕಾಮ್ಮನ್ ಅಂತ ಒತ್ತಿ ಒತ್ತಿ ಹೇಳ್ತೀವಿ. ಇಂಗ್ಲಿಷಲ್ಲಿ ಅಕ್ಕ, ಅಮ್ಮ ಥರ ದ್ವಿತ್ವ ಒಂದೇ ಪದದೊಳಗೆ ಇಲ್ಲ, ಸಮರ್, ಫನಿ, ಕಾಮನ್ ಅಷ್ಟೇ. ಕೊನೇಲಿ ಉ ಸೇರಿಸೋದು, ಬಸ್ಸು, ಪೆನ್ನು, ಕಾರು, ಕನ್ನಡದಲ್ಲಿ ಮಾತಾಡುವಾಗ ಚೆನ್ನಾಗೇ ಇದೆ, ಇಂಗ್ಲಿಷ್ ವಾಕ್ಯದೊಳಗೆ ಅದನ್ನ ಬಿಟ್ಬಿಡಿ. ಕೆಲವರಿಗೆ ಅ ಮತ್ತು ಹ ಅದಲು ಬದಲಾಗತ್ತೆ, ಅಂಥೋರು ಹ್ಯಾಂಡ್, ಆ್ಯಂಡ್ ಎರಡನ್ನೂ ಜೋಡಿಯಾಗಿ ಹೇಳಿ ರೆಕಾರ್ಡ್ ಮಾಡ್ಕೊಂಡು ಕೇಳ್ಬೇಕು.

ಜ ಮತ್ತೆ ಜ಼, ಫ ಮತ್ತೆ ಫ಼, ಇವು ಗೊತ್ತಿರೋದೇ, ಕೆಳಗೆ ಚುಕ್ಕಿ ಇಟ್ಟು ಬರೀತೀವಲ್ಲ ಅವು.

ಥಿಂಕ್, ದಿಸ್ ಹೇಳುವಾಗ ನಾಲಿಗೆ ಹಲ್ಲಿನ ಮಧ್ಯೆ ಬರ್ಬೇಕು ಅಂತಾರೆ, ನಂಗೆ ಬರ್ತಾನೇ ಇಲ್ಲ.

ಬರದೇ ಇದ್ರೂ ಪರವಾಗಿಲ್ಲ. ಜೆನಿಫರ್ ಜೆಂಕಿನ್ಸ್ ಅನ್ನೋ ಭಾಷಾಶಾಸ್ತ್ರಜ್ಞೆ, ಇಂಗ್ಲಿಷ್ ಮಾತೃಭಾಷೆ ಅಲ್ಲದವ್ರು ಒಬ್ರಿಗೊಬ್ರು ಮಾತಾಡುವಾಗ ಎಲ್ಲಿ ಅರ್ಥ ಕೆಡತ್ತೆ ಅಂತ ನೋಡಿ, ಯಾವ ಶಬ್ದಗಳು ಅತ್ಯಗತ್ಯ ಅಂತ 2000ದಲ್ಲಿ ಒಂದು ಪಟ್ಟಿ ಮುಂದಿಟ್ರು. ಈ ನಾಲಿಗೆ ಹಲ್ಲಿನ ಮಧ್ಯೆ ಇಡೋ ಶಬ್ದ ಆ ಪಟ್ಟಿಯಲ್ಲಿ ಇಲ್ಲ! ಇರೋದು ಏನು ಅಂದ್ರೆ ನಾನು ಮೇಲೆ ಹೇಳಿದ ಪ, ಟ, ಕ ಉಸಿರು, ಸ್ವರದ ಉದ್ದ ಗಿಡ್ಡ, ವಾಕ್ಯದಲ್ಲಿ ಮುಖ್ಯ ಪದದ ಮೇಲೆ ಬೀಳೋ ಒತ್ತು ಇಂಥವು. ಯೂಟ್ಯೂಬಲ್ಲಿ ಮಾತ್ರ ಅರ್ಧಕ್ಕರ್ಧ ವಿಡಿಯೋ ಈ ಥಿಂಕ್ ಮೇಲೇ ಇದೆ, ಯಾಕಂದ್ರೆ ಕ್ಯಾಮೆರಾದಲ್ಲಿ ತೋರ್ಸೋಕೆ ಚೆನ್ನಾಗಿರತ್ತೆ.

ನಾಲಿಗೆ ಎಲ್ಲಿ ಇಡ್ಬೇಕು ಅಂತ ಕಣ್ಣಾರೆ ನೋಡೋಕೆ ಏನಾದ್ರೂ ಇದ್ಯಾ?

ಇದೆ. ಗ್ಲ್ಯಾಸ್ಗೋ ಯೂನಿವರ್ಸಿಟಿಯವ್ರು ಬೇರೆ ಯೂನಿವರ್ಸಿಟಿಗಳ ಜೊತೆ ಸೇರಿ ಮಾಡಿರೋ ಸೀಯಿಂಗ್ ಸ್ಪೀಚ್ ಅನ್ನೋ ಸೈಟ್ ಇದೆ, ಒಂದೊಂದು ಶಬ್ದ ಒತ್ತಿದ್ರೆ ಮಾತಾಡ್ತಿರೋ ಮನುಷ್ಯನ ಬಾಯೊಳಗಿನ ಎಂಆರ್‌ಐ, ಅಲ್ಟ್ರಾಸೌಂಡ್ ವಿಡಿಯೋ ಓಡತ್ತೆ. ಮೊದಲನೇ ಸಲ ನೋಡಿದ್ರೆ ಸ್ವಲ್ಪ ಭಯಾನಕವಾಗಿದೆ, ಆದ್ರೆ ನಾಲಿಗೆ ಹಿಂಭಾಗ ಏನ್ ಮಾಡತ್ತೆ ಅಂತ ತೋರ್ಸೋದ್ರಲ್ಲಿ ಇದನ್ನ ಮೀರಿಸೋದು ನಾನ್ ನೋಡಿಲ್ಲ. ಸರಳವಾಗಿ ಬೇಕು ಅಂದ್ರೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನಲ್ಲಿ ಒಂದೊಂದು ಶಬ್ದಕ್ಕೂ ಚಿಕ್ಕ ವಿಡಿಯೋ ಇದೆ, ಟಿಮ್ಸ್ ಪ್ರೊನನ್ಸಿಯೇಶನ್ ವರ್ಕ್‌ಶಾಪ್ ಅನ್ನೋ ಸರಣಿಯಲ್ಲಿ ಪದಗಳು ಒಂದಕ್ಕೊಂದು ಅಂಟ್ಕೊಂಡಾಗ ಏನಾಗತ್ತೆ ಅಂತ ಹೇಳ್ಕೊಡ್ತಾರೆ. ಅಮೆರಿಕನ್‌ಗೆ ರೇಚಲ್ಸ್ ಇಂಗ್ಲಿಷ್ ಅನ್ನೋ ಯೂಟ್ಯೂಬ್ ಚಾನೆಲ್, ಬಾಯಿ ಹತ್ರದಿಂದ ತೋರ್ಸಿ ಹೇಳ್ತಾರೆ.

ಡಿಕ್ಷನರಿಯಲ್ಲಿ ವಿಚಿತ್ರ ಗುರುತುಗಳು ಇರ್ತಾವಲ್ಲ, ಐಪಿಎ, ಅದನ್ನ ಕಲೀಲೇಬೇಕಾ?

ಪೂರ್ತಿ ಬೇಡ, ಅರ್ಧ ಕಲ್ತ್ರೆ ಲಾಭ ಇದೆ. 1886ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಒಂದು ಸಂಘದವ್ರು ಮಾಡಿದ ಲಿಪಿ ಅದು, ಒಂದು ಶಬ್ದಕ್ಕೆ ಒಂದೇ ಗುರುತು. ಕನ್ನಡ ಓದೋರಿಗೆ ಈ ಐಡಿಯಾ ಹೊಸದೇನಲ್ಲ, ನಾವು ಚಿಕ್ಕಂದಿನಿಂದ ಬರೆದ ಹಾಗೇ ಓದೋರು, ಇಂಗ್ಲಿಷಿನವ್ರಿಗೇ ಅದು ವಿಶೇಷ. ಅವ್ರದ್ದು 26 ಅಕ್ಷರ, ಶಬ್ದಗಳು ಸುಮಾರು 44, ಹಂಗಾಗಿ ಸ್ಪೆಲ್ಲಿಂಗ್ ನಂಬಿದ್ರೆ ಕೆಟ್ವಿ.

ನೀವು ಗುರುತು ಹಿಡೀಬೇಕಾಗಿರೋದು ಮುಖ್ಯವಾಗಿ ಎರಡು. ಒಂದು, ತಲೆಕೆಳಗಾಗಿ ಬರೆದಿರೋ ಇಂಗ್ಲಿಷ್ ಇ (e) ಅಕ್ಷರ, ಅದನ್ನ ಶ್ವಾ ಅಂತಾರೆ, ಅ ಅನ್ನೋದನ್ನ ಅರೆಮನಸ್ಸಿನಿಂದ ಹೇಳಿದ ಹಂಗೆ ಇರತ್ತೆ, ಇಂಗ್ಲಿಷಲ್ಲಿ ಅತಿ ಹೆಚ್ಚು ಬರೋ ಸ್ವರ ಅದೇ. ಇನ್ನೊಂದು, ಮೇಲ್ಗಡೆ ಒಂದು ಚಿಕ್ಕ ನೆಟ್ಟಗಿನ ಗೀಟು, ಅದರ ಮುಂದಿನ ಭಾಗದ ಮೇಲೆ ಒತ್ತು ಅಂತ. ಉಳಿದಿದ್ದು ಬ್ರಿಟಿಷ್ ಕೌನ್ಸಿಲ್‌ನವ್ರ ಸೈಟಲ್ಲಿ ಒತ್ತಿ ಕೇಳೋ ಚಾರ್ಟ್ ಇದೆ, ಬೇಕಾದಾಗ ನೋಡ್ಕೊಂಡ್ರಾಯ್ತು. ಇಂಗ್ಲಿಷ್ ಪದಾನ ಕನ್ನಡ ಅಕ್ಷರದಲ್ಲಿ ಬರ್ಕೊಂಡು ಕಲಿಯೋ ಅಭ್ಯಾಸ ಇದ್ರೆ ಅದನ್ನ ಮಾತ್ರ ನಿಲ್ಸಿ (ಇಲ್ಲಿ ನಾನೇ ಬರೀತಿದೀನಿ, ಬೇರೆ ದಾರಿ ಇಲ್ಲ), ವ ಎರಡಿರೋದು, ಟ ಬೇರೆ ಇರೋದು, ಶ್ವಾ, ಒತ್ತು, ಇದ್ಯಾವ್ದೂ ಅದ್ರಲ್ಲಿ ಕಾಣಲ್ಲ.

ಒತ್ತು, ಸ್ಟ್ರೆಸ್ ಅಂತ ಆಗ್ಲಿಂದ ಹೇಳ್ತಿದೀರಲ್ಲ, ಅದು ಅಷ್ಟು ಮುಖ್ಯಾನಾ?

ನನ್ನ ಕೇಳಿದ್ರೆ ಎಲ್ಲಾ ಶಬ್ದಕ್ಕಿಂತ ಮುಖ್ಯ. ಕನ್ನಡದಲ್ಲಿ ನಾವು ಹೆಚ್ಚುಕಮ್ಮಿ ಎಲ್ಲಾ ಅಕ್ಷರಕ್ಕೂ ಸಮ ಮರ್ಯಾದೆ ಕೊಡ್ತೀವಿ, ಪುಸ್ತಕ ಅಂದ್ರೆ ಮೂರೂ ಅಕ್ಷರ ಸರಿಯಾಗಿ ಕೇಳಿಸ್ಬೇಕು. ಇಂಗ್ಲಿಷಲ್ಲಿ ಒಂದು ಭಾಗ ಯಜಮಾನ, ಅದನ್ನ ಜೋರಾಗಿ, ಉದ್ದವಾಗಿ, ಸ್ವಲ್ಪ ಏರುದನಿಯಲ್ಲಿ ಹೇಳಿ ಮಿಕ್ಕಿದ್ದನ್ನ ಶ್ವಾ ಮಾಡಿ ಒಗೀತಾರೆ. ಫೋಟೋಗ್ರಾಫ್ ಅಂದ್ರೆ ಒತ್ತು ಮೊದಲಿಗೆ, ಫೋ-ಟ-ಗ್ರಾಫ್. ಫೋಟೋಗ್ರಫಿ ಅಂದ ತಕ್ಷಣ ಅದು ಎರಡನೇದಕ್ಕೆ ಹಾರತ್ತೆ, ಫ-ಟಾ-ಗ್ರ-ಫಿ. ಫೋಟೋಗ್ರಾಫಿಕ್ ಅಂದ್ರೆ ಮೂರನೇದಕ್ಕೆ. ಒಂದೇ ಕುಟುಂಬದ ಪದಗಳು, ಒತ್ತು ಮಾತ್ರ ಒಂದೊಂದ್ರಲ್ಲಿ ಒಂದೊಂದು ಕಡೆ.

ಒತ್ತು ಇಲ್ಲದ ಭಾಗ ಎಷ್ಟು ಸವೆಯತ್ತೆ ಅಂದ್ರೆ ಪೂರ್ತಿ ಮಾಯಾನೂ ಆಗ್ಬಿಡತ್ತೆ. ವೆಜಿಟೇಬಲ್ ನಾಲ್ಕು ತುಂಡಲ್ಲ, ಮೂರು, ವೆಜ್-ಟ-ಬಲ್. ಕಂಫರ್ಟಬಲ್ ಹೋಗಿ ಕಂಫ್-ಟ-ಬಲ್. ಟೇಬಲ್ ಅನ್ನೋ ಪದಕ್ಕೂ ಇವೆರಡಕ್ಕೂ ಸಂಬಂಧಾನೇ ಇಲ್ಲ. ಹೊಸ ಪದ ಕಲೀವಾಗ ಮೊದಲು ಕೇಳ್ಕೋಬೇಕಾದ ಪ್ರಶ್ನೆ ಎಷ್ಟು ತುಂಡು, ಒತ್ತು ಯಾವ್ದರ ಮೇಲೆ, ಅಷ್ಟೇ. ಮೇಜು ಮೇಲೆ ಬೆರಳಲ್ಲಿ ತಟ್ತಾ ಹೇಳಿ, ಒತ್ತು ಇರೋ ಕಡೆ ಜೋರಾಗಿ ತಟ್ಟಿ.

ಹಂಗೇ ಭೂತಕಾಲದ ಪದಗಳ ಬಾಲ, ವಾಕೆಡ್, ಆಸ್ಕೆಡ್ ಅಂತ ಹೇಳೋರು ಎಷ್ಟೋ ಜನ. ಎಡ್ ಅಂತ ಬರೆದ್ರೂ ಕ್, ಪ್, ಸ್ ಥರದ ಶಬ್ದದ ಮೇಲೆ ಬರೀ ಟ್ ಅಷ್ಟೇ, ವಾಕ್ಟ್, ಆಸ್ಕ್ಟ್. ಪ್ಲೇಡ್, ಕಾಲ್ಡ್‌ನಲ್ಲಿ ಡ್. ಪದ ಮೊದಲೇ ಟ್ ಅಥವಾ ಡ್‌ನಲ್ಲಿ ಮುಗಿದಿದ್ರೆ ಮಾತ್ರ ಇಡ್ ಅಂತ ಒಂದು ತುಂಡು ಹೆಚ್ಚಾಗತ್ತೆ, ವಾಂಟಿಡ್, ನೀಡಿಡ್. ಈ ಒಂದು ನಿಯಮ ಒಂದ್ ವಾರದಲ್ಲಿ ನಾಲಿಗೆಗೆ ಕೂರತ್ತೆ, ಆದ್ರೆ ಪರಿಣಾಮ ಎಲ್ಲಾ ಮಾತಲ್ಲೂ ಕಾಣತ್ತೆ.

ಶ್ಯಾಡೋಯಿಂಗ್ ಅಂದ್ರೆ ಏನು? ಎಲ್ಲಾರೂ ಅದನ್ನೇ ಮಾಡಿ ಅಂತಾರೆ.

ಯಾರಾದ್ರೂ ಮಾತಾಡ್ತಿರೋದನ್ನ ಕೇಳ್ತಾ ಕೇಳ್ತಾ ಅವ್ರ ಬೆನ್ನಿಗೇ ಅದನ್ನೇ ಹೇಳ್ತಾ ಹೋಗೋದು. ಚೆನ್ನಾಗಿ ಕೆಲಸ ಮಾಡತ್ತೆ, ಆದ್ರೆ ಹತ್ತು ನಿಮಿಷದ ವಿಡಿಯೋ ಹಾಕ್ಕೊಂಡು ಜೊತೆಗೆ ಗೊಣಗ್ತಾ ಹೋದ್ರೆ ಏನೂ ಆಗಲ್ಲ. ಒಂದೇ ವಾಕ್ಯ ತಗೊಳ್ಳಿ. ಉದಾಹರಣೆಗೆ, ಐ ವಾಂಟೆಡ್ ಟು ರೆಕಾರ್ಡ್ ಎ ವಿಡಿಯೋ ಅಬೌಟ್ ವೆಜಿಟೇಬಲ್ಸ್ ಅಂತ ಯಾರೋ ಹೇಳಿದ್ರು ಅಂದ್ಕೊಳ್ಳಿ. ಮೊದಲು ಬಾಯಿ ಮುಚ್ಕೊಂಡು ಮೂರ್ನಾಲ್ಕು ಸಲ ಕೇಳಿ, ಜೋರಾಗಿ ಕೇಳಿಸೋ ಭಾಗ ಯಾವ್ದು ಅಂತ ಗುರುತು ಹಾಕಿ: ವಾನ್, ಕಾರ್ಡ್, ವಿ, ಬೌಟ್, ವೆಜ್. ಬರೀ ಆ ಐದನ್ನೇ ಅವ್ರ ತಾಳದಲ್ಲಿ ಹೇಳಿ, ವಾನ್... ಕಾರ್ಡ್... ವಿ... ಬೌಟ್... ವೆಜ್. ತಾಳ ಸಿಕ್ಕಿದ ಮೇಲೆ ಮಧ್ಯದ ಪುಡಿಗಳನ್ನ ಸಂದಿಯಲ್ಲಿ ತುರುಕಿ, ಟು ಅನ್ನೋದು ಟು ಅಲ್ಲ, ಟ ಅಷ್ಟೇ, ಎ ಅನ್ನೋದು ಅ, ಎರಡೂ ಅರ್ಧ ಉಸಿರಲ್ಲಿ ಹೋಗ್ಬೇಕು. ಇದ್ರಲ್ಲಿ ರೆಕಾರ್ಡ್ ಕ್ರಿಯಾಪದ, ಹಂಗಾಗಿ ರಿ-ಕಾರ್ಡ್. ವಾಂಟಿಡ್‌ಗೆ ತುಟಿ ಗುಂಡಗೆ, ವಿಡಿಯೋಗೆ ಹಲ್ಲು ತುಟಿಗೆ, ವೆಜ್‌ಟಬಲ್ಸ್‌ಗೂ ಹಲ್ಲು ತುಟಿಗೆ, ಕೊನೇ ಅಕ್ಷರ ಸ್ ಅಲ್ಲ ಜ಼್. ಈಗ ರೆಕಾರ್ಡ್ ಮಾಡಿ, ಮೂಲದ ಪಕ್ಕ ಇಟ್ಟು ಕೇಳಿ. ಒಂದು ವಾಕ್ಯಕ್ಕೆ ಕಾಲು ಗಂಟೆ ಹೋದ್ರೂ ಹೋಗ್ಲಿ.

ಲಾಂಗ್‌ಮನ್ ಡಿಕ್ಷನರಿಯ ಉದಾಹರಣೆ ವಾಕ್ಯಗಳು ಅಂತ ಮೇಲೆ ಹೇಳಿದ್ನಲ್ಲ, ಅವು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಂಗಿವೆ, ಚಿಕ್ಕವು, ಸ್ಪಷ್ಟ, ಎಷ್ಟ್ ಸಲ ಬೇಕಾದ್ರೂ ಒತ್ಬಹುದು. ಯೂಟ್ಯೂಬ್ ಆದ್ರೆ ಸ್ಪೀಡ್ 0.75 ಇಡಿ, ಅದಕ್ಕಿಂತ ಕೆಳಗೆ ಹೋದ್ರೆ ದನಿ ಕುಡಿದೋರ ಥರ ಆಗತ್ತೆ.

ನಾನು ಹೇಳಿದ್ದು ತಪ್ಪಾ ಸರಿಯಾ ಅಂತ ನಂಗೇ ಹೆಂಗೆ ಗೊತ್ತಾಗ್ಬೇಕು? ತಿದ್ದೋರು ಯಾರೂ ಇಲ್ಲ.

ರೆಕಾರ್ಡ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿ. ಮಾತಾಡ್ತಿರುವಾಗ ನಮ್ಮ ತಪ್ಪು ನಮ್ಮ ಕಿವಿಗೆ ಬೀಳಲ್ಲ, ಆಮೇಲೆ ಬೇರೆಯವ್ರ ದನಿ ಥರ ಕೇಳಿದ್ರೆ ಬೀಳತ್ತೆ. ನಮ್ಮ ದನಿ ನಮಗೇ ಕೇಳೋಕೆ ಮುಜುಗರ, ಎಲ್ಲರಿಗೂ ಹಂಗೇ.

ಎರಡನೇದು ಫೋನಿನ ವಾಯ್ಸ್ ಟೈಪಿಂಗ್. ಕೀಬೋರ್ಡನ್ನ ಇಂಗ್ಲಿಷ್‌ಗೆ ಇಟ್ಟು ಮೈಕ್ ಒತ್ತಿ ಮಾತಾಡಿ, ಏನ್ ಬರೆಯತ್ತೆ ನೋಡಿ. ಇಲ್ಲೊಂದು ಮೋಸ ಇದೆ, ಪೂರ್ತಿ ವಾಕ್ಯ ಹೇಳಿದ್ರೆ ಅದು ಹಿಂದುಮುಂದಿನ ಪದ ನೋಡಿ ಊಹೆ ಮಾಡಿ ಸರಿ ಬರೆದ್ಬಿಡತ್ತೆ, ನೀವು ಅಬ್ಬಾ ಪಾಸ್ ಅಂದ್ಕೋತೀರಿ. ಅದಕ್ಕೆ ಒಂಟಿ ಪದ ಹೇಳಿ, ಅದೂ ಜೋಡಿ ಪದಗಳು, ಪಿನ್ ಬಿನ್, ಶಿಪ್ ಶೀಪ್, ಆ ಎರಡು ವೆಸ್ಟ್. ಮಿಷಿನ್‌ಗೆ ಊಹೆ ಮಾಡೋಕೆ ಸುಳಿವೇ ಇಲ್ದಾಗ ಬಂಡವಾಳ ಗೊತ್ತಾಗತ್ತೆ.

ಮೂರನೇದು ಬಹಳ ಜನಕ್ಕೆ ಗೊತ್ತಿಲ್ಲ, ಅಮೆರಿಕದ ಜಾರ್ಜ್ ಮೇಸನ್ ಯೂನಿವರ್ಸಿಟಿಯ ಸ್ಪೀಚ್ ಆ್ಯಕ್ಸೆಂಟ್ ಆರ್ಕೈವ್. ಪ್ರಪಂಚದ ಬೇರೆ ಬೇರೆ ಭಾಷೆಯವ್ರು ಒಂದೇ ಇಂಗ್ಲಿಷ್ ಪ್ಯಾರಾ ಓದಿರೋ ರೆಕಾರ್ಡಿಂಗ್‌ಗಳು ಅಲ್ಲಿವೆ, ಕನ್ನಡ ಮಾತೃಭಾಷೆಯವ್ರದ್ದೂ ಇದೆ. ಕನ್ನಡದವ್ರು ಓದಿದ್ದು ಒಂದು ಸಲ, ಇಂಗ್ಲಿಷಿನವ್ರು ಓದಿದ್ದು ಒಂದು ಸಲ, ಆಮೇಲೆ ನೀವು ಅದೇ ಪ್ಯಾರಾ ಓದಿ ರೆಕಾರ್ಡ್ ಮಾಡಿ ಮೂರನ್ನೂ ಸಾಲಾಗಿ ಕೇಳಿ. ನಾನು ಮೇಲೆ ಪುಟಗಟ್ಟಲೆ ಹೇಳಿದ್ದು ಅಲ್ಲಿ ತಾನಾಗೇ ಕಿವಿಗೆ ಹೊಡೆಯತ್ತೆ.

ಕಂಪ್ಯೂಟರ್ ಹುಚ್ಚು ಇರೋರಿಗೆ ಪ್ರಾಟ್ ಅಂತ ಸಾಫ್ಟ್‌ವೇರ್ ಇದೆ, ಆಮ್‌ಸ್ಟರ್‌ಡ್ಯಾಮ್ ಯೂನಿವರ್ಸಿಟಿಯ ಇಬ್ರು ಮಾಡಿದ್ದು, ಫ್ರೀ. ದನಿ ಏರಿಳಿತವನ್ನ ಗೆರೆಯಾಗಿ ತೋರ್ಸತ್ತೆ. ನೋಡೋಕೆ ಹಳೇ ಕಾಲದ್ದು, ಕಲಿಯೋಕೆ ಒಂದಿನ ಬೇಕು. ಬರೀ ರೆಕಾರ್ಡ್ ಮಾಡಿ ಅಕ್ಕಪಕ್ಕ ಇಡೋಕಾದ್ರೆ ಆಡಾಸಿಟಿ ಅನ್ನೋ ಫ್ರೀ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಕು.

ಉಚ್ಚಾರಣೆಗೆ ಮಾರ್ಕ್ಸ್ ಕೊಡೋ ಆ್ಯಪ್‌ಗಳು, ಎಐ ಜೊತೆ ಮಾತಾಡೋದು, ಇವೆಲ್ಲಾ ಹೆಂಗೆ?

ಎಲ್ಸಾ ಸ್ಪೀಕ್ ಥರದ ಆ್ಯಪ್‌ಗಳು ಯಾವ ಶಬ್ದ ತಪ್ಪಾಯ್ತು ಅಂತ ಬಣ್ಣದಲ್ಲಿ ತೋರ್ಸ್ತಾವೆ, ಆದ್ರೆ ಫ್ರೀ ಭಾಗ ಸ್ವಲ್ಪಾನೇ, ಆಮೇಲೆ ದುಡ್ಡು ಕೇಳತ್ತೆ. ಫ್ರೀ ಇರೋವಷ್ಟ್ರಲ್ಲಿ ನಿಮ್ಮ ದುರ್ಬಲ ಶಬ್ದ ಯಾವ್ದು ಅಂತ ತಿಳ್ಕೊಂಡು ಹೊರಗೆ ಬನ್ನಿ. ಟ್ರಯಲ್‌ಗೆ ಅಂತ ಕಾರ್ಡ್ ನಂಬರ್ ಕೊಡೋದು ಬೇಡ, ಕೊಟ್ರೂ ಕ್ಯಾನ್ಸಲ್ ಮಾಡೋ ದಿನ ಕ್ಯಾಲೆಂಡರಲ್ಲಿ ಬರ್ಕೊಳ್ಳಿ. ಎಐ ಜೊತೆ ಮಾತಾಡೋದು ನಾಚಿಕೆ ಬಿಡೋಕೆ ಒಳ್ಳೇದು, ಎಷ್ಟೊತ್ತಿಗಾದ್ರೂ ಸಿಗತ್ತೆ, ಬೇಜಾರು ಮಾಡ್ಕೊಳ್ಳಲ್ಲ. ಉಚ್ಚಾರಣೆ ಹೆಂಗಿದೆ ಅಂತ ಕೇಳಿದ್ರೆ ಮಾತ್ರ ಬಹಳ ಸಲ ಸೂಪರ್ ಅಂತ ಹೊಗಳಿ ಸುಮ್ಮನಾಗತ್ತೆ, ಆ ಸರ್ಟಿಫಿಕೇಟ್ ನಂಬ್ಬೇಡಿ.

ಸುಮ್ನೆ ಕೇಳ್ತಾ ಇರೋಕೆ ಏನಾದ್ರೂ ಹೇಳಿ, ಕೆಲಸ ಮಾಡ್ತಾ ಕೇಳ್ತೀನಿ.

ಬಿಬಿಸಿಯ 6 ಮಿನಿಟ್ ಇಂಗ್ಲಿಷ್, ಬರಹಾನೂ ಜೊತೆಗೇ ಇರತ್ತೆ. ವಾಯ್ಸ್ ಆಫ್ ಅಮೆರಿಕಾದವ್ರು 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಅಂತ ಶುರು ಮಾಡಿದ್ರು, ಸುಮಾರು 1500 ಪದದೊಳಗೆ, ನಿಧಾನವಾಗಿ ಓದೋ ಕಾರ್ಯಕ್ರಮ, ಅದರ ಹಳೇ ಆಡಿಯೋಗಳು ಹೊಸಬರಿಗೆ ಚೆನ್ನಾಗಿವೆ. ಟೆಡ್ ಭಾಷಣಗಳಿಗೆ ಪೂರ್ತಿ ಟ್ರಾನ್ಸ್‌ಕ್ರಿಪ್ಟ್ ಸಿಗತ್ತೆ. ಕಥೆ ಕಾದಂಬರಿ ಇಷ್ಟ ಇರೋರಿಗೆ ಲಿಬ್ರಿವಾಕ್ಸ್, 2005ರಿಂದ ಸ್ವಯಂಸೇವಕರು ಕಾಪಿರೈಟ್ ಮುಗಿದ ಪುಸ್ತಕಗಳನ್ನ ಓದಿ ಹಾಕ್ತಿದಾರೆ, ಅದೇ ಪುಸ್ತಕದ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗಲ್ಲಿ ಸಾಮಾನ್ಯವಾಗಿ ಸಿಗತ್ತೆ. ಓದೋರು ಎಲ್ಲಾ ದೇಶದವ್ರೂ ಇರ್ತಾರೆ, ಭಾಷೆ ಹಳೇದು, ಹಂಗಾಗಿ ಶ್ಯಾಡೋಯಿಂಗ್‌ಗೆ ಬೇಡ, ಕೇಳೋ ಸುಖಕ್ಕೆ ಸಾಕು. ಬರೀ ಕೇಳೋದ್ರಿಂದ ಬಾಯಿ ತಿರುಗಲ್ಲ ಅನ್ನೋದು ಮಾತ್ರ ಗೊತ್ತಿರ್ಲಿ.

ದಿನಾ ಎಷ್ಟೊತ್ತು ಮಾಡ್ಬೇಕು?

ಹತ್ತು ಹದಿನೈದು ನಿಮಿಷ, ಜೋರಾಗಿ ಬಾಯ್ಬಿಟ್ಟು. ಭಾನುವಾರ ಮೂರು ಗಂಟೆ ಕೂರೋದಕ್ಕಿಂತ ಇದು ಮೇಲು. ಒಂದ್ ವಾರ ಒಂದೇ ಶಬ್ದ.

ನಲವತ್ತು ದಾಟಿದೆ, ಈಗ ನಾಲಿಗೆ ಬಗ್ಗತ್ತಾ?

ಬಗ್ಗತ್ತೆ. ಮಕ್ಕಳ ಥರ ಅಚ್ಚು ಹೊಡೆದ ಹಂಗೆ ಬರ್ದೇ ಇರ್ಬಹುದು, ಆದ್ರೆ ಒತ್ತು, ಉಸಿರು, ಎಡ್ ಬಾಲ, ಇವೆಲ್ಲಾ ತಿಳುವಳಿಕೆಯಿಂದ ಸರಿ ಹೋಗೋವು, ಅದ್ರಲ್ಲಿ ದೊಡ್ಡವ್ರಿಗೇ ಅನುಕೂಲ ಜಾಸ್ತಿ.

ನನ್ನ ಆ್ಯಕ್ಸೆಂಟ್ ಕೇಳಿ ನಗ್ತಾರೆ. ಅದು ಪೂರ್ತಿ ಹೋಗೋ ಹಂಗೆ ಮಾಡೋದು ಹೆಂಗೆ?

ಹೋಗೋದೇನೂ ಬೇಡ. ಮುರ್ರೆ ಮನ್ರೋ, ಟ್ರೇಸಿ ಡರ್ವಿಂಗ್ ಅನ್ನೋ ಇಬ್ರು 1995ರಲ್ಲಿ ಒಂದು ಅಧ್ಯಯನ ಮಾಡಿದ್ರು, ಮ್ಯಾಂಡರಿನ್ ಮಾತೃಭಾಷೆಯವ್ರ ಇಂಗ್ಲಿಷನ್ನ ಇಂಗ್ಲಿಷ್ ಮಾತೃಭಾಷೆಯವ್ರಿಗೆ ಕೇಳ್ಸಿ, ಕೇಳಿದ್ದನ್ನ ಬರೀರಿ, ಆ್ಯಕ್ಸೆಂಟ್ ಎಷ್ಟಿದೆ ಅಂತ ಅಂಕಾನೂ ಕೊಡಿ ಅಂದ್ರು. ಆ್ಯಕ್ಸೆಂಟ್ ವಿಪರೀತ ಇದೆ ಅಂತ ಅಂಕ ಕೊಟ್ಟ ಎಷ್ಟೋ ಮಾತನ್ನ ಅದೇ ಜನ ಒಂದಕ್ಷರ ಬಿಡದೆ ಸರಿಯಾಗಿ ಬರೆದಿದ್ರು. ಅಂದ್ರೆ ಆ್ಯಕ್ಸೆಂಟ್ ಇರೋದು ಬೇರೆ, ಅರ್ಥ ಆಗದೇ ಇರೋದು ಬೇರೆ. ಜನ ನಕ್ರೆ ನಗ್ಲಿ, ಪಾರ್ಡನ್ ಅಂತ ಎಲ್ಲಿ ಕೇಳ್ತಾರೋ ಆ ಪದಾನ ಮಾತ್ರ ಬರೆದಿಟ್ಕೊಳ್ಳಿ, ಅದೇ ನಿಮ್ಮ ಸಿಲಬಸ್. ಆ್ಯಕ್ಸೆಂಟ್ ರಿಮೂವಲ್ ಅಂತ ಮಾರ್ಕೋತಿರೋ ಯಾವ ಕೋರ್ಸಿಗೂ ಈ ಪಟ್ಟಿ ಗೊತ್ತಿರಲ್ಲ.

ಜೊತೆಗೆ ಮಾತಾಡೋಕೆ ಜನ ಎಲ್ಲಿ ಸಿಗ್ತಾರೆ?

ಟ್ಯಾಂಡಮ್, ಹೆಲೋಟಾಕ್ ಅಂತ ಭಾಷೆ ವಿನಿಮಯದ ಆ್ಯಪ್‌ಗಳಿವೆ, ಫ್ರೀ ಭಾಗದಲ್ಲೇ ಕೆಲಸ ಆಗತ್ತೆ. ಕನ್ನಡ ಕಲಿಯೋಕೆ ಬಯಸೋರು ಕಮ್ಮಿ ಸಿಗ್ತಾರೆ, ಆದ್ರೆ ಸಿಕ್ಕೋರು ತುಂಬಾ ಶ್ರದ್ಧೆ ಇರೋರು. ಫೋಟೋ ಕೇಳೋರು, ದುಡ್ಡಿನ ಮಾತಾಡೋರು ಬಂದ್ರೆ ಬ್ಲಾಕ್ ಮಾಡಿ. ಯಾರೂ ಸಿಗ್ಲಿಲ್ವಾ, ಕಲೀತಿರೋ ಇನ್ನೊಬ್ಬ ಕನ್ನಡದವ್ರೇ ಸಾಕು, ವಾಯ್ಸ್ ಮೆಸೇಜಲ್ಲಿ ದಿನಕ್ಕೊಂದು ವಾಕ್ಯ ಕಳ್ಸಿ, ನಮ್ಮ ತಪ್ಪು ನಮಗೆ ಗೊತ್ತಾಗದೇ ಇದ್ರೂ ಇನ್ನೊಬ್ರ ತಪ್ಪು ಥಟ್ ಅಂತ ಗೊತ್ತಾಗತ್ತಲ್ಲ.

ಜನರ ಹೆಸರು ಹೆಂಗೆ ಹೇಳೋದು ಅಂತ ಯಾವ ಸೈಟಲ್ಲಿ ನೋಡ್ಲಿ? ಮೀಟಿಂಗಲ್ಲಿ ಭಯ ಆಗತ್ತೆ.

ಫೋರ್ವೋದಲ್ಲಿ ಎಷ್ಟೋ ಹೆಸರು ಸಿಗ್ತಾವೆ, ಯೂಗ್ಲಿಷಲ್ಲೂ ಹುಡುಕ್ಬಹುದು. ಆದ್ರೆ ಒಂದೇ ಹೆಸರನ್ನ ಒಬ್ಬೊಬ್ರು ಒಂದೊಂದು ಥರ ಹೇಳ್ಕೋತಾರೆ, ಹಂಗಾಗಿ ಮೀಟಿಂಗ್ ಶುರುವಾಗೋ ಮುಂಚೆ ಅವ್ರನ್ನೇ ಕೇಳ್ಬಿಡಿ, ನಿಮ್ಮ ಹೆಸರು ಹೆಂಗೆ ಹೇಳ್ಬೇಕು ಅಂತ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಅವ್ರು ನಿಮ್ಮ ಹೆಸರನ್ನ ತಪ್ಪಾಗಿ ಹೇಳ್ತಿದ್ರೆ ಆಗ್ಲೇ ಅದನ್ನೂ ಹೇಳ್ಕೊಟ್ಬಿಡಿ.